ಕರೆಮ್ಮ ತುಂಬಲೊಲ್ಲದ ಫಾರ್ಮುಗಳು

ಶಹಾಪುರದ ನಮ್ಮ ಕಾಲೇಜಿನ ಕಚೇರಿಯಲ್ಲಿ ಕರೆಮ್ಮನವರು ಇಪ್ಪತ್ತಾರು ವರ್ಷ ಟೈಪ್ ಮಾಡಿದರು. ಮೊದಲು ಯಂತ್ರದಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಅಷ್ಟು ವರ್ಷಗಳಲ್ಲಿ ಓದದೆ ಟೈಪ್ ಮಾಡಿದ ಹಾಳೆ ಒಂದೂ ಇರಲಿಲ್ಲ. ಅದೇ ಅವರ ಅಪರಾಧವಾಯಿತು. ವರ್ಗಾವಣೆ ಆದೇಶದಲ್ಲಿ ‘ಕಡತಗಳ ದುರುಪಯೋಗ’ ಎಂದು ಬರೆದಿದ್ದರು. ಅದು ಸುಳ್ಳು. ಅವರು ಓದಿದ್ದರು, ಓದಿದ್ದನ್ನು ನಂಬಿದ್ದರು. ಅಷ್ಟೇ.

ನಾನು ಅದೇ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದೆ. ನನ್ನ ಹೆಸರು ಭೀಮೇಶ. ಕಳೆದ ವರ್ಷ ನಿವೃತ್ತನಾದೆ. ಇಲ್ಲಿ ಹೇಳುತ್ತಿರುವುದರಲ್ಲಿ ನನ್ನ ಪಾಲು ಒಳ್ಳೆಯದಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬರೆಯುವ ಹಕ್ಕೂ ನನಗಿಲ್ಲ.

ಕರೆಮ್ಮನವರ ತವರು ಸುರಪುರ ತಾಲ್ಲೂಕಿನ ಕೃಷ್ಣೆಯ ಕಡೆಯ ಹಳ್ಳಿ. ತಂದೆ ಮರಿಲಿಂಗಪ್ಪ ಬೇರೆಯವರ ಗದ್ದೆಯಲ್ಲಿ ನಾಟಿ ಮಾಡಿ ಬದುಕಿದವರು. ಹಳ್ಳಿಯ ಬುದ್ಧವಿಹಾರದಲ್ಲಿ ಭಾನುವಾರ ಪತ್ರಿಕೆ ಓದಿ ಹೇಳುವ ಪದ್ಧತಿಯಿತ್ತು. ಹತ್ತನೇ ವಯಸ್ಸಿಗೆ ಆ ಕೆಲಸ ಈ ಹುಡುಗಿಗೆ ಬಂತು. ಒಂದು ಸಾಲು ಬಿಟ್ಟರೆ ಮರಿಲಿಂಗಪ್ಪ ಹಿಂದಿನಿಂದ, “ನಡುವ ಏನೋ ನುಂಗಿದಿ, ಮತ್ತೊಮ್ಮಿ ಓದು” ಅನ್ನುತ್ತಿದ್ದರಂತೆ. ಓದಲು ಬಾರದ ಆ ಮನುಷ್ಯನಿಗೆ ಬಿಟ್ಟ ಸಾಲು ಹೇಗೆ ತಿಳಿಯುತ್ತಿತ್ತೋ. ಮಗಳನ್ನು ಸುರಪುರದ ಟೈಪಿಂಗ್ ಶಾಲೆಗೆ ಸೇರಿಸಿದ್ದೂ ಅವರೇ.

ಕಚೇರಿಯಲ್ಲಿ ಕರೆಮ್ಮನವರ ಬಗ್ಗೆ ಒಂದು ನಗೆಮಾತು ಇತ್ತು. ಹಿಂದಿನ ಪ್ರಾಚಾರ್ಯರು ಒಮ್ಮೆ ಸುತ್ತೋಲೆ ಬರೆದುಕೊಟ್ಟರು: ‘ಜೂನ್ ಮೂವತ್ತೊಂದರಂದು ಸಿಬ್ಬಂದಿ ಸಭೆ’. ಕರೆಮ್ಮನವರು ಹಾಳೆ ಹಿಡಿದು ಅವರ ಮೇಜಿನ ಮುಂದೆ ನಿಂತರು.

“ಏನ್ರಿ?”

“ಸರ, ಈ ದಿನ ಬರಂಗಿಲ್ಲ.”

“ನೀವು ರಜಾ ಹಾಕ್ತೀರೇನು?”

“ನಾನಲ್ರಿ. ದಿನಾನ ಬರಂಗಿಲ್ಲ.”

ನಾವೆಲ್ಲ ನಕ್ಕಿದ್ದೆವು. ಆ ಹೆಂಗಸು ಹಾಳೆಯ ಮೇಲೆ ಬರೆದದ್ದಕ್ಕೂ ಹಾಳೆಯ ಹೊರಗೆ ಇರುವುದಕ್ಕೂ ತಾಳೆ ನೋಡುತ್ತಾರೆ ಎಂಬುದನ್ನು ನಾವು ನಗುವ ಸಂಗತಿ ಎಂದುಕೊಂಡಿದ್ದೆವು.

ಎರಡು ವರ್ಷದ ಹಿಂದೆ ನಮ್ಮ ಪ್ರಾಚಾರ್ಯ ಸಾಯಿಕುಮಾರ ಅವರು ಹನ್ನೆರಡು ದಿನ ಯುರೋಪಿಗೆ ಹೋಗಿ ಬಂದರು. ಕಾಲೇಜುಗಳ ಮುಖ್ಯಸ್ಥರಿಗೆಂದು ಯಾರೋ ಏರ್ಪಡಿಸಿದ ಅಧ್ಯಯನ ಪ್ರವಾಸ. ಅಲ್ಲಿ ವಿಶ್ವವಿದ್ಯಾಲಯಗಳ ಗುಣಮಟ್ಟವನ್ನು ಹೊರಗಿನ ಸಂಸ್ಥೆಗಳು ಹೇಗೆ ಪರೀಕ್ಷಿಸುತ್ತವೆ ಎಂಬುದು ವಿಷಯ. ಸಿಬ್ಬಂದಿಗೆಲ್ಲ ಚಾಕೊಲೇಟು ಹಂಚಿದರು, ನನ್ನ ಕೈಗೆ ಒಂದು ಕಟ್ಟು ಇಂಗ್ಲಿಷ್ ಕಾಗದ ಇಟ್ಟರು. “ಭೀಮೇಶ ಸರ, ಇದನ್ನ ಕನ್ನಡಕ್ಕ ತರ್ರಿ. ಸಂಸ್ಥೆ ಸುವರ್ಣ ಮಹೋತ್ಸವಕ್ಕ ನನ್ನ ಹೆಸರಿನ್ಯಾಗ ಒಂದು ಪುಸ್ತಕ ಮಾಡೋಣು.”

ನಾನು ದಿನಕ್ಕೆ ನಾಲ್ಕು ಪುಟ ಅನುವಾದಿಸಿ ಕರೆಮ್ಮನವರಿಗೆ ಕೊಡುತ್ತಿದ್ದೆ. ಪದಕ್ಕೆ ಪದ ಹುಡುಕುವುದರಲ್ಲೇ ನನ್ನ ಗಮನ. ಮೂರನೆಯ ದಿನ ಅವರು ಹಾಳೆ ಹಿಡಿದು ಸಿಬ್ಬಂದಿ ಕೋಣೆಗೇ ಬಂದರು.

“ಸರ, ಇದರಾಗ ಬರದೀರಲ್ಲ, ತಪಾಸಣಿ ತಂಡದಾಗ ಒಬ್ಬ ವಿದ್ಯಾರ್ಥಿ ಇರಬೇಕಂತ. ಖರೇನಾ?”

“ಖರೇ. ಅಲ್ಲಿ ದೇಶಗಳೆಲ್ಲ ಕೂಡಿ ಒಪ್ಪಿಕೊಂಡ ಮಾನದಂಡ ಅದ. ಅದರಾಗ ಹಂಗ ಹೇಳ್ಯಾರ.”

“ವಿದ್ಯಾರ್ಥಿ ಅಂದ್ರ? ಯಾರರ ದೊಡ್ಡವರ ಮಗನೇನು?”

“ಅಲ್ರಿ. ಬ್ಯಾರೆ ಕಡೆ ಓದೋ ಹುಡುಗ, ಇಲ್ಲಾ ಹುಡುಗಿ. ಪ್ರೊಫೆಸರ್‌ಗಳ ಸಮ ಕುಂತು ಪ್ರಶ್ನೆ ಕೇಳ್ತಾರ.”

ಕರೆಮ್ಮನವರು ಆ ಸಾಲಿನ ಕೆಳಗೆ ಉಗುರಿನಿಂದ ಗೆರೆ ಎಳೆದರು. “ನಮ್ಮ ಪವಿತ್ರಾ ಇದ್ದಂಗ” ಎಂದರು, ನಮ್ಮ ಕಾಲೇಜಿನ ಒಬ್ಬ ವಿದ್ಯಾರ್ಥಿನಿಯನ್ನು ನೆನೆದು.

ಅಲ್ಲಿಂದ ದಿನಾ ಪ್ರಶ್ನೆ. ಈ ಪರೀಕ್ಷಕ ಸಂಸ್ಥೆಗಳು ಯಾರ ಕೈಯೊಳಗಿರುತ್ತವೆ? ದೇಶಕ್ಕೊಂದು ಬಗೆ, ನಾನು ಹೇಳಿದೆ. ಫಿನ್ಲೆಂಡಿನಲ್ಲಿ ದೇಶಕ್ಕೆಲ್ಲ ಒಂದೇ ಕೇಂದ್ರ. ಜರ್ಮನಿಯಲ್ಲಿ ಹಲವು ಸಂಸ್ಥೆಗಳು. ಅವು ಪರೀಕ್ಷಿಸಿ ವರದಿ ಕೊಡುತ್ತವೆ, ಮಾನ್ಯತೆಯ ತೀರ್ಮಾನ ಮೇಲಿನ ಒಂದು ಮಂಡಳಿಯದು. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಮ್ಮಿನ ಫ್ಲೆಮಿಷ್ ಭಾಗ ಇವೆರಡಕ್ಕೂ ಸೇರಿ ಒಂದೇ ಸಂಸ್ಥೆ. ರೂಪ ಯಾವುದೇ ಇರಲಿ, ತೀರ್ಪಿನಲ್ಲಿ ಸರ್ಕಾರವಾಗಲಿ ವಿಶ್ವವಿದ್ಯಾಲಯವಾಗಲಿ ಕೈಹಾಕಬಾರದು ಎಂಬುದು ಎಲ್ಲರಿಗೂ ಒಂದೇ ನಿಯಮ.

“ಮತ್ತ ಮಂತ್ರಿ ಎಲ್ಲಿ ಬರ್ತಾನ್ರಿ?”

“ಕಾಯ್ದೆ ಮಾಡೋದಕ್ಕ ಬರ್ತಾನ. ಪಾಸೋ ಫೇಲೋ ಹೇಳೋದಕ್ಕ ಬರಂಗಿಲ್ಲ.”

“ವರದಿ ಕೆಟ್ಟದು ಬಂದ್ರ ಮುಚ್ಚಿಡ್ತಾರೇನು?”

“ಇಲ್ಲ. ಪೂರಾ ವರದಿ ಎಲ್ಲರಿಗೂ ಕಾಣೋ ಹಂಗ ಪ್ರಕಟ ಮಾಡಬೇಕು. ತೀರ್ಪು ಸರಿ ಇಲ್ಲ ಅನಿಸಿದ್ರ ಮೇಲ್ಮನವಿಗೆ ದಾರಿ ಇಟ್ಟಿರಬೇಕು.”

ಮುಂದಿನ ಪುಟಕ್ಕೆ ಬಂದಾಗ ಅವರ ಕಣ್ಣು ಅಗಲವಾದವು. ಆ ಪರೀಕ್ಷಕ ಸಂಸ್ಥೆಗಳೂ ಐದು ವರ್ಷಕ್ಕೊಮ್ಮೆ ಹೊರಗಿನವರಿಂದ ಪರೀಕ್ಷೆಗೆ ಒಳಗಾಗಬೇಕು. ಅದರಲ್ಲಿ ಗೆದ್ದು ಅರ್ಜಿ ಹಾಕಿದ ಸಂಸ್ಥೆಗಳ ಹೆಸರಷ್ಟೇ ಯುರೋಪಿನ ಒಂದು ನೋಂದಣಿ ಪಟ್ಟಿಯಲ್ಲಿ ಇರುತ್ತದೆ ಎಂದು ಅಲ್ಲಿತ್ತು.

“ತಪಾಸು ಮಾಡೋರನ್ನೂ ತಪಾಸು ಮಾಡ್ತಾರೇನ್ರಿ ಸರ?”

“ಮಾಡ್ತಾರಂತ. ಅಲ್ಲಿ ಎಲ್ಲಾ ಬಂಗಾರ ಅಂತ ತಿಳೀಬ್ಯಾಡ್ರಿ. ಕಾಗದದ ಹೊರೆ ಜಾಸ್ತಿ ಆಗ್ಯಾದ ಅಂತ ಅಲ್ಲಿನ ಪ್ರೊಫೆಸರ್‌ಗಳೂ ಗೊಣಗ್ತಾರಂತ, ಸಾಹೇಬ್ರೇ ಹೇಳಿದ್ರು.”

“ಗೊಣಗ್ಲಿ ಬಿಡ್ರಿ. ಗೊಣಗಾಕಾದ್ರೂ ಅಲ್ಲಿ ಏನೋ ಅದ.”

ರದ್ದಿ ಹಾಳೆಯ ಹಿಂದೆ ಅವರು ಇದನ್ನೆಲ್ಲ ಚೌಕ ಬರೆದು ಗೆರೆ ಎಳೆದು ಬಿಡಿಸಿಕೊಂಡಿದ್ದರು. ಸಾಯಿಕುಮಾರ ಅವರು ಹನ್ನೆರಡು ದಿನ ನೋಡಿ ಬಂದದ್ದನ್ನು ನಮ್ಮ ಕಾಲೇಜಿನಲ್ಲಿ ನಿಜವಾಗಿ ತಿಳಿದುಕೊಂಡವರು ಕರೆಮ್ಮನವರೊಬ್ಬರೇ. ಅವರು ಹೈದರಾಬಾದ್ ದಾಟಿ ಹೋದವರಲ್ಲ.

ಅದೇ ವರ್ಷ ನಮ್ಮ ಕಾಲೇಜಿನ ಮೌಲ್ಯಮಾಪನಕ್ಕೂ ದಿನ ಗೊತ್ತಾಯಿತು. ಹೊರರಾಜ್ಯಗಳಿಂದ ಮೂವರ ತಂಡ ಬಂದು ಎರಡು ದಿನ ನೋಡಿ ಶ್ರೇಣಿ ಕೊಡುತ್ತದೆ. ಅದಕ್ಕೆ ಮೊದಲು ಕಾಲೇಜು ತನ್ನ ಬಗ್ಗೆ ತಾನೇ ವರದಿ ಬರೆದು ಕಳಿಸಬೇಕು.

ಆಗ ಶುರುವಾದದ್ದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಸುರಪುರದಲ್ಲಿರುವ ನಮ್ಮದೇ ಸಂಸ್ಥೆಯ ಇನ್ನೊಂದು ಕಾಲೇಜಿನಿಂದ ಟೆಂಪೋದಲ್ಲಿ ಪುಸ್ತಕ ಬಂದವು. ಆ ಕಾಲೇಜಿನ ಮುದ್ರೆಯ ಮೇಲೆ ನಮ್ಮ ಚೀಟಿ ಅಂಟಿಸಿದೆವು. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ವರ್ಷಗಳಿಂದ ಗ್ಯಾಸ್ ಇರಲಿಲ್ಲ. ಗಾಜಿನ ಸಾಮಾನು ಒರೆಸಿ ಸಾಲಾಗಿ ಜೋಡಿಸಿ ಬಾಗಿಲಿಗೆ ರಂಗೋಲಿ ಹಾಕಿಸಿದರು. ನಡೆಯದ ಹಳೆಯ ವಿದ್ಯಾರ್ಥಿಗಳ ಸಭೆಗೆ ನಡಾವಳಿ ಪುಸ್ತಕ ಹುಟ್ಟಿತು. ಇವಕ್ಕೆಲ್ಲ ಸಮಿತಿಗಳು, ಸಮಿತಿಗಳಿಗೆಲ್ಲ ಸಂಚಾಲಕರು. ವಿದ್ಯಾರ್ಥಿ ಅಭಿಪ್ರಾಯ ಸಮಿತಿಯ ಸಂಚಾಲಕ ನಾನು. ಆ ಸಮಿತಿ ಒಂದು ದಿನವೂ ಸೇರಿರಲಿಲ್ಲ. ಸಹಿ ಮಾಡಿದ್ದೆ.

ಈ ಸ್ವವರದಿಯನ್ನು ಟೈಪ್ ಮಾಡಿದವರೂ ಕರೆಮ್ಮನವರೇ. ‘ಸಾಮಾಜಿಕ ಒಳಗೊಳ್ಳುವಿಕೆ’ ಎಂಬ ಭಾಗದಲ್ಲಿ ಹೀಗೊಂದು ಸಾಲು ಬಂತು: ‘ಶೋಷಿತ ಸಮುದಾಯದ ಮಹಿಳೆಯೊಬ್ಬರು ನಮ್ಮಲ್ಲಿ ಕಚೇರಿ ಅಧೀಕ್ಷಕಿಯಾಗಿ ಸೇವೆ ಸಲ್ಲಿಸುತ್ತಿದ್ದಾರೆ.’ ಇಪ್ಪತ್ತಾರು ವರ್ಷ ಟೈಪಿಸ್ಟ್ ಆಗಿಯೇ ಇದ್ದ ಅವರು ಅದನ್ನು ಓದಿ ಸಾಯಿಕುಮಾರ ಅವರನ್ನು ಕೇಳಿದರು: “ಸರ, ಈ ಅಧೀಕ್ಷಕಿ ಯಾರ್ರಿ?”

“ನೀವೇ ಅಲ್ಲೇನ್ರಿ.”

“ನನಗ ಹುಕುಂ ಬಂದಿಲ್ಲಲ್ರಿ.”

“ವರದಿಗೆ ಅಷ್ಟ ಕರೆಮ್ಮ. ತಂಡ ಹೋಗೂತನಕ.”

ಕರೆಮ್ಮನವರು ಅದನ್ನೂ ಟೈಪ್ ಮಾಡಿದರು. ಮುಖ ಕಪ್ಪಿಟ್ಟಿತ್ತು, ಆದರೆ ಮಾಡಿದರು. ತಮ್ಮ ಮೇಲಿನ ಸುಳ್ಳನ್ನು ಅವರು ಹೇಗೋ ತಡೆದುಕೊಂಡರು.

ತಂಡ ಬರಲು ಒಂದು ವಾರ ಇದ್ದಾಗ ಜವಾನ ಹಾಶಿಮ ಕರೆಮ್ಮನವರ ಮೇಜಿನ ಮೇಲೆ ದೊಡ್ಡ ಕಟ್ಟು ಇಟ್ಟ. ಆರುನೂರ ನಲವತ್ತು ವಿದ್ಯಾರ್ಥಿ ಅಭಿಪ್ರಾಯ ಪತ್ರಗಳು, ಎಲ್ಲ ಖಾಲಿ. ಜೊತೆಗೆ ನಾಲ್ಕು ಬಣ್ಣದ ಪೆನ್ನು, ವಿದ್ಯಾರ್ಥಿಗಳ ಹೆಸರಿನ ಪಟ್ಟಿ. ಹಿಂದೆಯೇ ಸಾಯಿಕುಮಾರ ಬಂದರು.

“ಹುಡುಗರಿಗೆ ಕೊಟ್ರ ಏನೇನೋ ಬರೀತಾವ. ನೀವ ತುಂಬಿಬಿಡ್ರಿ. ಎಲ್ಲಾದಕ್ಕೂ ‘ಅತ್ಯುತ್ತಮ’ ಬ್ಯಾಡ, ನಡುನಡುವ ‘ಉತ್ತಮ’ ಹಾಕ್ರಿ. ಸ್ವಲ್ಪ ಎಡಗೈಲೆ ಬರೀರಿ, ಅಕ್ಷರ ಬ್ಯಾರೆ ಬ್ಯಾರೆ ಕಾಣ್ಬೇಕು.”

ಕರೆಮ್ಮನವರು ಹತ್ತೊಂಬತ್ತು ಫಾರ್ಮು ತುಂಬಿದರು. ಇಪ್ಪತ್ತನೆಯದು ಪವಿತ್ರಾಳ ಹೆಸರಿನದು.

ಪವಿತ್ರಾ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಹುಣಸಗಿ ಕಡೆಯ ಹಳ್ಳಿಯಿಂದ ಬೆಳಿಗ್ಗೆ ಆರೂವರೆಗೆ ಹೊರಟು, ಸುರಪುರದಲ್ಲಿ ಬಸ್ಸು ಬದಲಿಸಿ, ಒಂಬತ್ತೂವರೆಗೆ ಶಹಾಪುರ ಮುಟ್ಟುತ್ತಿದ್ದಳು. ತಿರುಗಿ ಮನೆ ಸೇರುವಾಗ ಸಂಜೆ ಏಳು. ನಮ್ಮ ಕಾಲೇಜಿನಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ಮೂರು ವರ್ಷದಿಂದ ಬೀಗ. ಪೈಪು ಒಡೆದಿದೆ, ನೀರಿಲ್ಲ ಎಂದು ಕಾರಣ. ಹನ್ನೆರಡು ಗಂಟೆ ಹೊರಗಿರುವ ಹುಡುಗಿ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಆ ಬೇಸಿಗೆಯಲ್ಲಿ ತರಗತಿಯಲ್ಲಿ ಕುಸಿದು ಬಿದ್ದಾಗ ಆಟೋದಲ್ಲಿ ಆಸ್ಪತ್ರೆಗೆ ಒಯ್ದವರು ಕರೆಮ್ಮನವರು. ಮೂತ್ರದ ಸೋಂಕು ಕಿಡ್ನಿಗೆ ಏರಿದೆ ಎಂದು ವೈದ್ಯರು ಬೈದದ್ದು ಅವರಿಗೇ, ತಾಯಿ ಎಂದುಕೊಂಡು.

ಫಾರ್ಮಿನ ಏಳನೆಯ ಪ್ರಶ್ನೆ: ಮಹಿಳಾ ವಿಶ್ರಾಂತಿ ಕೊಠಡಿ ಮತ್ತು ಶೌಚಾಲಯ ಸೌಲಭ್ಯ ಹೇಗಿದೆ?

ಕರೆಮ್ಮನವರು ಪೆನ್ನು ಕೆಳಗಿಟ್ಟರು. ಹಾಶಿಮ ನೋಡಿದ್ದನ್ನು ನನಗೆ ಆಮೇಲೆ ಹೇಳಿದ: ತುಂಬಿದ ಹತ್ತೊಂಬತ್ತನ್ನೂ ಒಂದೊಂದಾಗಿ ಹರಿದು ಬುಟ್ಟಿಗೆ ಹಾಕಿದರಂತೆ, ಗಡಿಬಿಡಿ ಇಲ್ಲದೆ.

ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಅವರು ಖಾಲಿ ಫಾರ್ಮುಗಳನ್ನು ಎತ್ತಿಕೊಂಡು ತರಗತಿಗಳಿಗೆ ಹೋದರು. “ನಿಮ್ಮ ಅಭಿಪ್ರಾಯ ಅಂತ ಅದ, ನೀವ ಬರೀರಿ. ನನಗ ಎರಡ ಕೈ ಅದಾವ, ಆರುನೂರ ಮಂದಿ ಬಾಯಿ ಇಲ್ಲ” ಎಂದರಂತೆ. ಎರಡು ದಿನದಲ್ಲಿ ಇನ್ನೂರ ಹನ್ನೆರಡು ಫಾರ್ಮು ತುಂಬಿ ಬಂದವು. ಉಳಿದವರು ಹೆದರಿದರು.

ಅವುಗಳಲ್ಲಿ ಏನಿತ್ತು ಎಂದು ನನಗೆ ಗೊತ್ತು; ಕರೆಮ್ಮನವರು ಮೊದಲು ತಂದದ್ದೇ ನನ್ನ ಬಳಿ. ‘ಮೂರು ವರ್ಷದಲ್ಲಿ ಒಮ್ಮೆಯೂ ಲ್ಯಾಬಿನ ಬ್ಯುರೆಟ್ ಮುಟ್ಟಿಲ್ಲ, ಪರೀಕ್ಷೆಯಲ್ಲಿ ರೀಡಿಂಗ್ ಬರೆಸುತ್ತಾರೆ.’ ‘ಗ್ರಂಥಾಲಯದಲ್ಲಿ ಪುಸ್ತಕ ನೋಡಬಹುದು, ಮನೆಗೆ ಕೊಡುವುದಿಲ್ಲ.’ ಒಬ್ಬ ಹುಡುಗ ನನ್ನ ಬಗ್ಗೆಯೇ ಬರೆದಿದ್ದ: ‘ಕನ್ನಡ ಸರ್ ಹಳೇ ನೋಟ್ಸ್ ಓದುತ್ತಾರೆ.’ ಪವಿತ್ರಾ ಏಳನೆಯ ಪ್ರಶ್ನೆಯ ಮುಂದಿನ ನಾಲ್ಕು ಚೌಕಗಳನ್ನೂ ಬಿಟ್ಟು ಕೆಳಗೆ ಬರೆದಿದ್ದಳು: ‘ಬೀಗ ಹಾಕಿದ ಕೋಣೆಗೆ ಉತ್ತಮ ಅನ್ನಬೇಕೋ ಸಾಧಾರಣ ಅನ್ನಬೇಕೋ ತಿಳಿಯಲಿಲ್ಲ. ನಾನು ಬೆಳಿಗ್ಗೆಯಿಂದ ಸಂಜೆತನಕ ನೀರು ಕುಡಿಯುವುದಿಲ್ಲ. ಓದು ಬಿಡಬಾರದು ಎಂದು ಹೀಗೆ ಮಾಡುತ್ತೇನೆ.’

“ಸಂಚಾಲಕರು ನೀವ ಅದೀರಿ. ಇದಕ್ಕ ಸಹಿ ಮಾಡ್ರಿ ಸರ.”

“ಕರೆಮ್ಮನವರ, ನನಗ ಇನ್ನ ಎಂಟು ತಿಂಗಳ ನೌಕರಿ ಅದ.”

ಅವರು ಕಟ್ಟು ತೆಗೆದುಕೊಂಡು ಹೋದರು. ಅಂದು ಸಂಜೆ ಸಾಯಿಕುಮಾರ ಅವರ ಕೂಗು ಓಣಿಯವರೆಗೆ ಕೇಳಿಸಿತು. “ನಿಮಗ ಯಾರು ಹೇಳಿದ್ರು ಕ್ಲಾಸಿಗೆ ಹೋಗ್ರಿ ಅಂತ? ಅವನ್ನ ಸುಟ್ಟು ಹಾಕ್ರಿ!” ಅದಕ್ಕೆ ಕರೆಮ್ಮನವರ ಉತ್ತರವೂ ಕೇಳಿಸಿತು, ಅಷ್ಟೇ ಗಟ್ಟಿಯಾಗಿ. “ಅಲ್ಲಿ ಹುಡುಗರನ್ನ ಪಕ್ಕದಾಗ ಕುಂದರಿಸ್ಕೋತಾರ ಅಂತ ಪುಸ್ತಕ ಬರದೀರಿ ಸರ. ಇಲ್ಲಿ ಅವರ ಕೈ ಬರಹ ಸುಡ್ರಿ ಅಂತೀರಿ. ಎರಡರಾಗ ನಿಮ್ಮದು ಯಾವುದ್ರಿ?”

ಸಾಯಿಕುಮಾರ ಬೇರೆಯವರಿಂದ ಫಾರ್ಮು ತುಂಬಿಸಿದರು. ಆದರೆ ಈ ಇನ್ನೂರ ಹನ್ನೆರಡು ಸಿಗಲಿಲ್ಲ. ಕರೆಮ್ಮನವರು ಅವನ್ನು ಮನೆಗೆ ಒಯ್ದಿದ್ದರು.

ತಂಡ ಬಂತು. ಅಧ್ಯಕ್ಷರು ಒಬ್ಬ ನಿವೃತ್ತ ಕುಲಪತಿ, ಜೊತೆಗೆ ಒಬ್ಬ ಪ್ರಾಚಾರ್ಯರು, ಒಬ್ಬ ಪ್ರಾಧ್ಯಾಪಕಿ. ಮೂವರಲ್ಲಿ ಯಾರಿಗೂ ಕನ್ನಡ ಬಾರದು. ಕನ್ನಡದಲ್ಲಿ ಕಲಿಯುವ, ಕನ್ನಡದಲ್ಲಿ ಅಳುವ ಆರುನೂರು ಮಕ್ಕಳ ಕಾಲೇಜನ್ನು ಅಳೆಯಲು ಕನ್ನಡ ಬಾರದ ಮೂವರು! ಯಾರಿಗೂ ಇದು ವಿಚಿತ್ರ ಎನಿಸಲಿಲ್ಲ. ಹಾರ, ಶಾಲು, ಹೂಮಳೆ. ಆಯ್ದು ತರಬೇತಿ ಕೊಟ್ಟ ಹನ್ನೆರಡು ವಿದ್ಯಾರ್ಥಿಗಳು ಹನ್ನೆರಡು ಬಾಯಿಪಾಠದ ಉತ್ತರ ಒಪ್ಪಿಸಿದರು.

ಎರಡನೆಯ ದಿನ ಬೆಳಿಗ್ಗೆ ಕಡತ ಪರಿಶೀಲನೆ. ಪ್ರಾಧ್ಯಾಪಕಿ ವಿದ್ಯಾರ್ಥಿ ಅಭಿಪ್ರಾಯದ ಕಡತ ಕೇಳಿದರು. ನಾನು ಕಪಾಟಿನ ಕಡೆ ತಿರುಗುವ ಮೊದಲೇ ಕರೆಮ್ಮನವರು ತಮ್ಮ ಕೈಚೀಲದಿಂದ ಕಟ್ಟು ತೆಗೆದು ಮೇಜಿನ ಮೇಲೆ ಇಟ್ಟರು. “ಮೇಡಂ, ಯೇ ಬಚ್ಚ್ಯಾಂ ಖುದ್ ಲಿಖೇ ಸೋ ಹೈ” ಎಂದರು, ನಮ್ಮ ಕಡೆಯ ದಖನಿಯಲ್ಲಿ. ಮಕ್ಕಳು ತಾವೇ ಬರೆದದ್ದು ಎಂದು.

ಸಾಯಿಕುಮಾರ ಅವರ ಮುಖ ಬಿಳಿಚಿತು. ಪ್ರಾಧ್ಯಾಪಕಿ ಮೇಲಿನ ಫಾರ್ಮು ಎತ್ತಿಕೊಂಡರು. ಪವಿತ್ರಾಳದು. ಅಕ್ಷರ ಅವರಿಗೆ ಓದಲು ಬಾರದು. ನನ್ನ ಕಡೆ ಚಾಚಿ, ನೀವೇ ಸಂಚಾಲಕರಲ್ಲವೇ, ಇದರಲ್ಲಿ ಏನಿದೆ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನಾನು ಅದನ್ನು ಹಿಡಿದೆ. ಸಾಯಿಕುಮಾರ ನನ್ನನ್ನೇ ನೋಡುತ್ತಿದ್ದರು. ಮಹಿಳಾ ಸೌಲಭ್ಯಗಳು ಇನ್ನಷ್ಟು ಸುಧಾರಿಸಿದರೆ ಚೆನ್ನ ಎಂದು ಈ ವಿದ್ಯಾರ್ಥಿನಿ ಸಲಹೆ ಕೊಟ್ಟಿದ್ದಾಳೆ ಎಂದೆ.

ಮೂವತ್ತು ವರ್ಷ ಭಾಷೆ ಕಲಿಸಿದ ನಾನು ಅಂದು ಆಡಿದ್ದು ಆ ಮಾತು.

“ನೋ ಮೇಡಂ!” ಎಂದರು ಕರೆಮ್ಮನವರು. ಟೈಪ್ ಮಾಡಿ ಮಾಡಿ ಅವರಿಗೆ ಇಂಗ್ಲಿಷ್ ತಿಳಿಯುತ್ತಿತ್ತು ಎಂಬುದನ್ನು ನಾನು ಮರೆತಿದ್ದೆ. “ನಾಟ್ ಸಜೆಶನ್. ಲಾಕ್. ತ್ರೀ ಇಯರ್ಸ್ ಲಾಕ್. ಗರ್ಲ್ ನೋ ವಾಟರ್, ಹಾಸ್ಪಿಟಲ್.”

ಪ್ರಾಧ್ಯಾಪಕಿ ಎದ್ದು, ಆ ಕೋಣೆಯನ್ನು ನೋಡಬೇಕು ಎಂದರು. ಎಲ್ಲರೂ ಹೋದೆವು. ಬಾಗಿಲು ತೆರೆದಿತ್ತು. ಗುಲಾಬಿ ಬಣ್ಣ ಇನ್ನೂ ವಾಸನೆ ಹೊಡೆಯುತ್ತಿತ್ತು. ಟ್ಯಾಂಕರಿನಿಂದ ತುಂಬಿಸಿದ ಡ್ರಮ್ಮಿನಲ್ಲಿ ನೀರಿತ್ತು, ಕನ್ನಡಿ ಇತ್ತು, ಸಾಬೂನು ಕವರಿನಲ್ಲೇ ಇತ್ತು. ಅಧ್ಯಕ್ಷರು ನಕ್ಕು, ತೆರೆದೇ ಇದೆಯಲ್ಲ ಎಂದರು.

“ಇವತ್ತ ತೆಗದಾರ್ರಿ! ಇವತ್ತೊಂದ ದಿನ!” ಕರೆಮ್ಮನವರ ದನಿ ಒಡೆಯಿತು. ಆ ಮಾತನ್ನು ತಂಡಕ್ಕೆ ಯಾರೂ ಅನುವಾದಿಸಲಿಲ್ಲ. ನಾನೂ ಇಲ್ಲ.

ಜಾಲತಾಣದಲ್ಲಿ ಮೊದಲೇ ಏರಿಸದ ದಾಖಲೆಗಳನ್ನು ಪರಿಗಣಿಸಲು ಬರುವುದಿಲ್ಲ ಎಂದು ಅಧ್ಯಕ್ಷರು ಕಟ್ಟನ್ನು ಪಕ್ಕಕ್ಕೆ ಸರಿಸಿದರು. ಪ್ರಾಧ್ಯಾಪಕಿ ಮುಂದಿನ ಕಡತ ಎತ್ತಿಕೊಂಡರು. ಊಟಕ್ಕೆ ಕರೆ ಬಂತು.

ಊಟದ ಹೊತ್ತಿಗೆ ನಾನು ಕಚೇರಿಗೆ ಹೋದೆ. ಕರೆಮ್ಮನವರು ಕಿಟಕಿಯ ಹತ್ತಿರ ನಿಂತಿದ್ದರು. ಕ್ಷಮೆಯಂಥದ್ದೇನೋ ಹೇಳಲು ಬಾಯಿ ತೆರೆದೆ. ಅವರು ತಿರುಗದೆಯೇ ಹೇಳಿದರು:

“ಯುರೋಪಿನ ಮಾತು ಬರೋಬರಿ ತಂದ್ರಿ ಸರ, ಒಂದು ಅಕ್ಷರ ಬಿಡಲಿಲ್ಲ. ಹುಣಸಗಿ ಹುಡುಗಿ ಮಾತು ತರಾಕ ನಿಮ್ಮ ಕೈಲಿ ಆಗಲಿಲ್ಲ.”

ಎರಡು ತಿಂಗಳಿಗೆ ಫಲಿತಾಂಶ ಬಂತು. ಒಳ್ಳೆಯ ಶ್ರೇಣಿ. ಪಟಾಕಿ ಹಾರಿಸಿದರು. ವರದಿಯಲ್ಲಿ ‘ವಿದ್ಯಾರ್ಥಿಗಳ ಅಭಿಪ್ರಾಯ ಪಡೆಯುವ ಸದೃಢ ವ್ಯವಸ್ಥೆಯಿದೆ’ ಎಂಬ ಸಾಲಿತ್ತು. ಶೌಚಾಲಯಕ್ಕೆ ತಂಡ ಹೋದ ಮರುದಿನವೇ ಬೀಗ ಬಿದ್ದಿತ್ತು.

ಸುವರ್ಣ ಮಹೋತ್ಸವಕ್ಕೆ ಸಾಯಿಕುಮಾರ ಅವರ ಪುಸ್ತಕವೂ ಅಚ್ಚಾಗಿ ಬಂತು. ಹಿಂದಿನ ದಿನ ಪ್ರತಿಗಳ ಗಂಟು ಬಿಚ್ಚಿದಾಗ ಕರೆಮ್ಮನವರು ಪುಟ ತಿರುಗಿಸಿ ನಿಂತುಬಿಟ್ಟರು. ನಾಲ್ಕನೆಯ ಅಧ್ಯಾಯ ಇರಲಿಲ್ಲ. ತಂಡದಲ್ಲಿ ವಿದ್ಯಾರ್ಥಿ ಇರಬೇಕು, ವರದಿ ಪೂರಾ ಪ್ರಕಟವಾಗಬೇಕು, ಮೇಲ್ಮನವಿಗೆ ದಾರಿ ಇರಬೇಕು ಎಂಬುದೆಲ್ಲ ಇದ್ದ ಅಧ್ಯಾಯ. ಮೂರರ ನಂತರ ನೇರ ಐದು. ಅಂಕಿ ಬದಲಿಸುವ ಗೋಜಿಗೂ ಹೋಗಿರಲಿಲ್ಲ. ನಮ್ಮ ವಿದ್ಯಾಸಂಸ್ಥೆಯ ಅಧ್ಯಕ್ಷರು ಕರಡು ಓದಿಸಿಕೊಂಡು, “ಇದನ್ನ ಹುಡುಗರು ಓದಿದ್ರ ತಲಿ ಮ್ಯಾಲ ಕುಂದರ್ತಾವ, ತೆಗೀರಿ” ಎಂದರಂತೆ.

ಅಧ್ಯಾಯ ಕರೆಮ್ಮನವರ ಕಂಪ್ಯೂಟರಿನಲ್ಲಿ ಹಾಗೇ ಇತ್ತು. ಸಮಾರಂಭದ ಬೆಳಿಗ್ಗೆ ವಿದ್ಯಾರ್ಥಿಗಳ ಸೂಚನಾ ಫಲಕದ ಮೇಲೆ ಒಂಬತ್ತು ಹಾಳೆಗಳು ಸಾಲಾಗಿ ಅಂಟಿದ್ದವು. ಮೇಲೆ ದಪ್ಪ ಅಕ್ಷರದಲ್ಲಿ: ‘ಪ್ರಾಚಾರ್ಯರ ಪುಸ್ತಕದ ನಾಲ್ಕನೆಯ ಅಧ್ಯಾಯ. ಅಚ್ಚಿನಲ್ಲಿ ಬಿಟ್ಟುಹೋಗಿದೆ. ಓದಿಕೊಳ್ಳಿ.’ ಕೆಳಗೆ ಸಹಿ: ಕರೆಮ್ಮ ಮರಿಲಿಂಗಪ್ಪ, ಟೈಪಿಸ್ಟ್.

ಸಮಾರಂಭಕ್ಕೆ ಬಂದಿದ್ದ ಮಂತ್ರಿಗಳ ಭಾಷಣದ ಹೊತ್ತಿಗೆ ಪೆಂಡಾಲಿಗಿಂತ ಫಲಕದ ಮುಂದೆ ಜನ ಹೆಚ್ಚಿದ್ದರು. ಒಬ್ಬಳು ಗಟ್ಟಿಯಾಗಿ ಓದುತ್ತಿದ್ದಳು, ಉಳಿದವರು ಕೇಳುತ್ತಿದ್ದರು.

ಮೂರನೆಯ ದಿನ ವರ್ಗಾವಣೆ ಆದೇಶ. ಸೈದಾಪುರದಲ್ಲಿರುವ ಸಂಸ್ಥೆಯ ಪ್ರೌಢಶಾಲೆಗೆ. ನಿವೃತ್ತಿಗೆ ಐದು ವರ್ಷ ಉಳಿದ ಹೆಂಗಸು ದಿನಾ ಯಾದಗಿರಿಗೆ ಹೋಗಿ, ಅಲ್ಲಿಂದ ಕಡೇಚೂರಿನ ಕಾರ್ಖಾನೆ ಕೆಲಸಗಾರರ ನಡುವೆ ನಿಂತು ಪ್ರಯಾಣಿಸಬೇಕು. ಬೀಳ್ಕೊಡುಗೆ ಇಲ್ಲ. ಹಾಶಿಮ ಒಬ್ಬನೇ ಗೇಟಿನತನಕ ಚೀಲ ಹೊತ್ತ.

ಆದರೆ ಅವರು ಹೋದ ಮರುವಾರವೇ ನಲವತ್ತು ಹುಡುಗಿಯರು ಪ್ರಾಚಾರ್ಯರ ಕೋಣೆಯ ಮುಂದಿನ ಪಡಸಾಲೆಯಲ್ಲಿ ಕುಳಿತರು. ಎಲ್ಲರ ಕೈಯಲ್ಲೂ ನೀರಿನ ಬಾಟಲಿ. ಸಾಯಿಕುಮಾರ ಹೊರಗೆ ಬಂದು, “ಏನಿದು ನಾಟಕ?” ಎಂದರು.

“ನಾಟಕ ಅಲ್ರಿ ಸರ, ನೀರು ಕುಡಿಯಾಕತ್ತೀವಿ” ಎಂದಳು ಪವಿತ್ರಾ. “ಕುಡಿದು ಎಲ್ಲಿ ಹೋಗಬೇಕು ನೀವ ಹೇಳ್ರಿ. ಹೇಳೂತನಕ ಇಲ್ಲೇ ಕುಂದರ್ತೀವಿ.”

ಮಧ್ಯಾಹ್ನ ಎರಡರ ಹೊತ್ತಿಗೆ ಪ್ಲಂಬರ್ ಬಂದ. ಪೈಪಿನಲ್ಲಿ ಒಡೆದಿದ್ದದ್ದು ಗೇಣುದ್ದ. ಗೇಣುದ್ದ ಪೈಪಿಗಾಗಿ ಮೂರು ವರ್ಷ! ಸಂಜೆ ಬೀಗ ತೆಗೆದರು. ಆಮೇಲೆ ಅದು ಬೀಳಲಿಲ್ಲ. ಪ್ರಯೋಗಾಲಯದ ಗ್ಯಾಸು ಮಾತ್ರ ಇವತ್ತಿಗೂ ಬಂದಿಲ್ಲ ಎಂದು ಕೇಳಿದ್ದೇನೆ.

ನಿವೃತ್ತನಾದ ಮೇಲೆ ನಾನು ಮೌಲ್ಯಮಾಪನ ಸಂಸ್ಥೆಗೆ ಪತ್ರ ಬರೆದೆ. ಅಂದು ನಾನು ಹೇಳಿದ್ದೇನು, ಆ ಫಾರ್ಮಿನಲ್ಲಿ ನಿಜವಾಗಿ ಇದ್ದದ್ದೇನು, ಎರಡನ್ನೂ ಬರೆದು ಸಹಿ ಮಾಡಿದೆ. ಕೆಲಸ ಹೋಗುವ ಭಯ ಹೋದ ಮೇಲೆ ಬಂದ ಧೈರ್ಯ. ಅದಕ್ಕೆ ಬೆಲೆಯಿಲ್ಲ ಎಂದು ನನಗೂ ಗೊತ್ತು. ಎರಡೇ ಸಾಲಿನ ಉತ್ತರ ಬಂತು: ದೂರುಗಳನ್ನು ಸಂಬಂಧಪಟ್ಟ ಕಾಲೇಜಿನ ಪ್ರಾಚಾರ್ಯರ ಮೂಲಕವೇ ಕಳಿಸತಕ್ಕದ್ದು.

ಆ ಉತ್ತರವನ್ನು ತೋರಿಸಲೆಂದೇ ಮೊನ್ನೆ ಯಾದಗಿರಿ ಬಸ್ ನಿಲ್ದಾಣದಲ್ಲಿ ಕರೆಮ್ಮನವರನ್ನು ಕಾದು ಭೇಟಿಯಾದೆ. ಕೂದಲು ನರೆತಿದೆ. ಸೈದಾಪುರದ ಶಾಲೆಯಲ್ಲೂ ಟೈಪಿಸ್ಟೇ. ಪವಿತ್ರಾ ಕಲಬುರಗಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ, ಅಲ್ಲಿ ಮೊದಲ ವಾರವೇ ಪ್ರಯೋಗಾಲಯದಲ್ಲಿ ಕೈ ಸುಟ್ಟುಕೊಂಡಳಂತೆ ಎಂದು ನಗುತ್ತ ಹೇಳಿದರು. ಪತ್ರವನ್ನು ನಿಧಾನವಾಗಿ ಎರಡು ಸಲ ಓದಿದರು. ನಗು ಹೋಯಿತು.

“ಪ್ರಾಚಾರ್ಯರ ಮ್ಯಾಲಿನ ದೂರು ಪ್ರಾಚಾರ್ಯರ ಕೈಲೆ ಕಳಸಬೇಕಂತ. ಇದನ್ನ ಟೈಪ್ ಮಾಡಿದಾಕಿ ಓದಿರಂಗಿಲ್ಲ ನೋಡ್ರಿ” ಎಂದರು.

“ಬಿಟ್ಟುಬಿಡ್ರಿ ಕರೆಮ್ಮನವರ. ಆತು ಹೋತು. ಇನ್ನ ಎಷ್ಟ ದಿನ ಸಿಟ್ಟು?”

“ಯಾಕ ಬಿಡ್ಲಿ? ಅವರ ಸೊಕ್ಕು ಇಳದಾದೇನು, ನನ್ನ ಸಿಟ್ಟು ಇಳಿಯಾಕ?”

ಸೈದಾಪುರದ ಬಸ್ಸು ಬಂದು ನಿಂತಿತು. ಕೆಲಸಗಾರರ ನೂಕುನುಗ್ಗಲಿನ ನಡುವೆ ಮೆಟ್ಟಿಲು ಹತ್ತುತ್ತ ಅವರು ಪತ್ರವನ್ನು ನನಗೆ ಹಿಂದಿರುಗಿಸಿದರು. “ಉತ್ತರ ಬರೀರಿ. ಬರದು ಕೊಟ್ರ ನಾ ಟೈಪ್ ಮಾಡ್ತೀನಿ” ಎಂದು ಒಳಗಿನಿಂದ ಕೂಗಿ ಹೇಳಿದರು.